ತ್ವಚೆಯ ದಾನ

ಕಾಯುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಗರ್ಭಸ್ಥ ಶಿಶುವಿಗೆ ಏಳು ಪದರಗಳ ತ್ವಚೆಯು ಉಂಟಾಗುವುದೆಂದು ಸುಶ್ರುತಾಚಾರ್ಯರು ಹೇಳಿರುವರು. ಇಂದಿನ ವೈದ್ಯರ ಲೆಕ್ಕ ಬೇರೆ. ಉಪಮಾನವು ಮಾತ್ರ ನಮಗೆ ಇಂದಿಗೂ ರುಚಿಸುತ್ತದೆ. ಈ ಹೊದಿಕೆಯು ಬೆಂದುಹೋದವನಿಗೆ ಉರಿಗಿಂತಲೂ ಘೋರವಾದ ಅಪಾಯಗಳೆರಡು: ಒಳಗಿನ ಜಲಾಂಶವು ಸೋರಿಹೋಗುವುದು, ಹೊರಗಿನ ರೋಗಾಣುಗಳು ಒಳಹೊಗುವುದು.

ಗಾಯವು ಚಿಕ್ಕದಾದರೆ ರೋಗಿಯ ತೊಡೆಯಿಂದಲೇ ತೆಳುವಾದ ಚರ್ಮವನ್ನು ತೆಗೆದು ಕಸಿಮಾಡುವರು. ಅರ್ಧ ಮೈ ಬೆಂದವನಲ್ಲಿ ತೆಗೆಯುವುದೆಲ್ಲಿಂದ? ಆಗ ಪರರ ಚರ್ಮವೇ ಗತಿ. ಆದರೆ ದೇಹವು ಪರಕೀಯವನ್ನು ಬಹುಕಾಲ ಸಹಿಸದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯೊಂದರಲ್ಲಿ ಪ್ರಾಣಿಶಾಸ್ತ್ರಜ್ಞ ಮೆಡವಾರ್, ಶಸ್ತ್ರವೈದ್ಯ ಗಿಬ್ಸನ್ ಎಂಬವರು ಸುಟ್ಟ ಗಾಯಗಳಿದ್ದ ಹೆಂಗಸೊಬ್ಬಳಿಗೆ ಅವಳ ಸೋದರನ ಚರ್ಮವನ್ನು ಕಸಿಮಾಡಿ ಪರೀಕ್ಷಿಸಿದರು. ಮೊದಲ ಸಲದ್ದು ಕೆಲವು ದಿನ ನಿಂತು ಅಳಿಯಿತು. ಎರಡನೆಯ ಸಲದ್ದು ಇನ್ನೂ ಬೇಗನೆ ಅಳಿಯಿತು. ಒಡಹುಟ್ಟಿದವನದ್ದೂ ದೇಹಕ್ಕೆ ಪರರದ್ದೇ. ಅದನ್ನು ದೇಹವು ನೆನಪಿನಲ್ಲಿಟ್ಟುಕೊಳ್ಳುವುದು ಕೂಡ! 1943ರಲ್ಲಿ ಇದು ಪ್ರಕಟವಾಯಿತು. ಅದೇ ದಾರಿಯಲ್ಲಿ ಮುಂದುವರಿದ ಮೆಡವಾರರಿಗೆ 1960ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಹಾಗಾದರೆ ಪ್ರಯೋಜನವೇನು? ಎರಡು ಮೂರು ವಾರ ನಿಂತರೆ ಸಾಕು. ಅಷ್ಟರಲ್ಲಿ ನೋವು ತಗ್ಗುವುದು, ಗಾಯ ಮುಚ್ಚಿರುವುದು, ರೋಗಿಯ ಸ್ವಂತ ಚರ್ಮವನ್ನು ಸ್ವಲ್ಪಸ್ವಲ್ಪವಾಗಿ ಹಚ್ಚಲು ಅವಕಾಶ ದೊರೆಯುವುದು.

ಈ ಚರ್ಮವು ಬರುವುದು ಮೃತರಿಂದ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕು ಆರಂಭವಾಯಿತು. ಮರಣದ 6 ಗಂಟೆಗಳೊಳಗೆ ತೊಡೆ, ಕಾಲು, ಬೆನ್ನುಗಳಿಂದ ಮೇಲ್ಪದರವನ್ನು ಮಾತ್ರ ಕಾಗದದಷ್ಟು ತೆಳುವಾಗಿ ತೆಗೆದು ಪಟ್ಟಿ ಕಟ್ಟುವರು. ಮುಖವನ್ನು ಮುಟ್ಟುವುದಿಲ್ಲ. ರಕ್ತದ ಗುಂಪು ಹೊಂದಬೇಕೆಂಬುದಿಲ್ಲ. ಏಡ್ಸ್, ಯಕೃತ್ತಿನ ಸೋಂಕು, ಚರ್ಮದ ಕ್ಯಾನ್ಸರ್ ಇದ್ದವರದ್ದನ್ನು ಸ್ವೀಕರಿಸರು. ತೆಗೆದುದನ್ನು ಗ್ಲಿಸರಿನ್‌ನಲ್ಲಿ ನೆನೆಸಿ ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡದು.

ಸಂಸ್ಕಾರಕ್ಕೆ ದೇಹವು ಅಖಂಡವಾಗಿರಬೇಡವೆ ಎಂದು ಮನೆಗಳಲ್ಲಿ ಆಕ್ಷೇಪವೇಳುವುದುಂಟು. ಹೇಗೂ ಅಗ್ನಿಗೆ ಒಪ್ಪಿಸುವ ಚರ್ಮವನ್ನು ಅಗ್ನಿಯಿಂದಲೇ ನೊಂದವನಿಗೆ ಮೊದಲು ಕೊಡುವುದರಲ್ಲಿ ಅಶಾಸ್ತ್ರೀಯವಾದುದೇನೂ ನಮಗೆ ಕಾಣದು. ನಿಜವಾದ ತೊಡಕು ಬೇರೆ. ದುಃಖದ ಆ 6 ಗಂಟೆಗಳಲ್ಲಿ ಯಾರಿಗೂ ಇದರ ನೆನಪಾಗದು; ಮೃತನು ಒಪ್ಪಿಗೆಯನ್ನು ಬರೆದಿಟ್ಟಿದ್ದರೂ ಮನೆಯವರು ಹೂಂ ಎನ್ನದೆ ಕಾರ್ಯ ನಡೆಯದು. ಆದಕಾರಣ ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಮಕ್ಕಳು ಸೊಸೆಯಂದಿರ ಎದುರಿಗೆ ಮಾತನಾಡಿಡಲಿ. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಪಂಚಾಂಗದ ಮೊದಲ ಪುಟದಲ್ಲಿ ಬರೆದಿಡಲಿ. ನಮ್ಮ ಪಂಚಾಂಗದಲ್ಲಿ ಬರೆದಾಗಿದೆ.