ದಿವಾಳಿ ಅರ್ಜಿಗೆ ಮುನ್ನ

ಕುಂದಗೋಳ ತಾಲೂಕಿನ ಯರಗುಪ್ಪಿಯ ಗೃಹಸ್ಥರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ಬಂದಿದ್ದರು. ಬೆಣ್ಣಿಹಳ್ಳದ ನೆರೆಯು ಹೆಸರಿನ ಪೀಕನ್ನು ಕೊಂಡೊಯ್ದಿತ್ತು. ಮೆಣಸಿನಕಾಯಿಯ ಧಾರಣೆಯು ಬ್ಯಾಡಗಿಯ ಪೇಟೆಯಲ್ಲಿ ಕುಸಿದಿತ್ತು. ಊರಲ್ಲಿಟ್ಟ ಸಣ್ಣ ಅಂಗಡಿಯ ಉದ್ರಿಯು ವಸೂಲಾಗಿರಲಿಲ್ಲ. ಬ್ಯಾಂಕು, ಪತ್ತಿನ ಸಂಘ, ಕೈಗಡ ಕೊಟ್ಟವರು, ವಾರದ ಕಂತು ಕೇಳುವವರು, ಹೀಗೆ ನಾಲ್ಕೂ ಕಡೆಯಿಂದ ಸಾಲವು ಅವರನ್ನು ಸುತ್ತಿಕೊಂಡಿದೆ. “ಪಾಪರ್ ಎದ್ದರೆ ಎಲ್ಲ ಹರಿಯುವದಂತೆ, ನಿಜವೇ?” ಎಂದು ಅವರು ಕೇಳಿದರು. ಆ ಪ್ರಶ್ನೆಗಿಂತ ಅದರ ಹಿಂದಿನಿಂದ ಬಂದ ಮಾತು ನಮ್ಮನ್ನು ಹೆಚ್ಚು ಕಳವಳಪಡಿಸಿತು. ಅರ್ಜಿ ಹಾಕುವದಕ್ಕೆ ಮೊದಲು ಹೊಲವನ್ನು ಅಳಿಯನ ಹೆಸರಿಗೆ ಬರೆದಿಟ್ಟುಬಿಡಿರೆಂದು ಯಾರೋ ಅವರಿಗೆ ಹಿತವಚನ ಹೇಳಿದ್ದರು.

ಇಂಥ ಹಿತವಚನವೇ ಅನೇಕ ಪ್ರಾಮಾಣಿಕರನ್ನು ಅಪರಾಧಿಗಳನ್ನಾಗಿ ಮಾಡಿದೆ ಎಂಬುದನ್ನು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೊದಲು ಹೆಸರಿನ ಗೊಂದಲವನ್ನು ತೀರಿಸೋಣ. ಪಾಪರ್ ದಾವೆಯೆಂದರೆ ಕೋರ್ಟಿನ ಫೀ ಕೊಡಲಾರದ ಬಡವನು ಫೀ ಇಲ್ಲದೆ ಹೂಡುವ ದಾವೆ. ಅದಕ್ಕೂ ದಿವಾಳಿಗೂ ಸಂಬಂಧವಿಲ್ಲ. ಮುಂಬಯಿ, ಕಲಕತ್ತೆ, ಮದರಾಸು ಈ ಮೂರು ನಗರಗಳ ಹೊರಗೆ ವ್ಯಕ್ತಿಯ ದಿವಾಳಿಗೆ ಇರುವದು 1920ರ ಪ್ರಾಂತಿಕ ದಿವಾಳಿ ಕಾಯಿದೆ. ನಮ್ಮ ಜಿಲ್ಲೆಯವರು ಅದರ ಅನ್ವಯ ಧಾರವಾಡದ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೆ ಸರಕಾರವು ಆ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಕ್ಕೆ ಹೋಗಬೇಕು. ಸಾಲ ತೀರಿಸಲಾರದವನಾಗಿದ್ದು, ಸಾಲವು 500 ರೂಪಾಯಿಗಳಷ್ಟಾದರೂ ಇದ್ದರೆ ಅರ್ಜಿ ಹಾಕಬಹುದು. ಈ ಐದುನೂರು 1920ರ ಐದುನೂರು!

ಅರ್ಜಿ ಮಂಜೂರಾದ ದಿನ ಸಾಲವು ಹರಿಯುವದಿಲ್ಲ, ಆಸ್ತಿಯು ಕೈಬಿಟ್ಟು ಹೋಗುವದು. ನ್ಯಾಯಾಲಯ ಅಥವಾ ಅದು ನೇಮಿಸಿದ ರಿಸೀವರರು ಅದನ್ನು ವಶಕ್ಕೆ ತೆಗೆದುಕೊಂಡು, ಮಾರಿ, ಸಾಲಗಾರರಿಗೆ ಹಂಚುವರು. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಒಕ್ಕಲಿಗನು ಬದುಕಲು ಬೇಕಾದ ಎತ್ತು, ನೇಗಿಲು, ಬೀಜದ ಕಾಳು, ಅವನು ವಾಸಿಸುವ ಮನೆ ಇವಕ್ಕೆ ದಿವಾಣಿ ಸಂಹಿತೆಯ 60ನೆಯ ಕಲಮಿನ ರಕ್ಷಣೆಯಿದೆ. ಹೊಲಕ್ಕೆ ಆ ರಕ್ಷಣೆಯಿಲ್ಲ. ಇನ್ನು ಹೊಲವನ್ನು ಬ್ಯಾಂಕಿಗೆ ಒತ್ತೆಯಿಟ್ಟಿದ್ದರೆ, ಬಂಗಾರವನ್ನು ಅಡವಿಟ್ಟಿದ್ದರೆ, ಆ ಒತ್ತೆಯ ಹಕ್ಕನ್ನು ದಿವಾಳಿಯು ಮುಟ್ಟುವದೇ ಇಲ್ಲ. ಒತ್ತೆಯ ಸಾಲವೇ ಮುಖ್ಯ ಸಾಲವಾಗಿದ್ದವನಿಗೆ ಈ ಅರ್ಜಿಯಿಂದ ಅಲ್ಪ ಪ್ರಯೋಜನವೇ ಸರಿ.

ಬಿಡುಗಡೆಯ ಅರ್ಜಿಯು ಬೇರೆಯೇ ಇದೆ. ನ್ಯಾಯಾಲಯವು ಗೊತ್ತುಮಾಡಿದ ಅವಧಿಯೊಳಗೆ ಅದನ್ನು ಹಾಕದಿದ್ದರೆ ಮೊದಲಿನ ಆಜ್ಞೆಯೇ ರದ್ದಾಗುವದು. ವಕೀಲರ ಫೀ ಹೋಗಿ ಸಾಲವು ಉಳಿಯುವದು. ಆಸ್ತಿಯು ಒತ್ತೆಯಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಇರದಿದ್ದರೆ ಪೂರ್ಣ ಬಿಡುಗಡೆ ಸಿಕ್ಕದು. ಆದರೆ ಇಲ್ಲಿ ಕಾಯಿದೆಯು ಒಂದು ಬಾಗಿಲನ್ನು ತೆರೆದಿಟ್ಟಿದೆ: ಆ ಕೊರತೆಯು ತನ್ನ ತಪ್ಪಿನಿಂದ ಆದದ್ದಲ್ಲವೆಂದು ಅವನು ತೋರಿಸಿಕೊಡಬಹುದು. ನೆರೆ, ಬರ, ಧಾರಣೆಯ ಕುಸಿತ ಇವನ್ನು ಮುಂದಿಡಬೇಕಾದದ್ದು ಇಲ್ಲಿಯೇ. ಆದ್ದರಿಂದ ಪಂಚನಾಮೆ, ಪೇಟೆಯ ಪಟ್ಟಿ, ಗೊಬ್ಬರದ ಪಾವತಿ ಯಾವದನ್ನೂ ಎಸೆಯಬಾರದು. ಹಿಂದಿನ ಮೂರು ವರ್ಷಗಳ ಲೆಕ್ಕವನ್ನು ಇಡದ ವ್ಯಾಪಾರಸ್ಥನನ್ನೂ, ಸಟ್ಟಾ ಜೂಜುಗಳಲ್ಲಿ ಹಣ ಕಳೆದವನನ್ನೂ ನ್ಯಾಯಾಲಯವು ಹಾಗೆಯೇ ಬಿಡುವದಿಲ್ಲ. ಈಗ ಮೊಬೈಲಿನಲ್ಲಿ ಆಡುವ ಪಂದ್ಯಗಳೂ ಜೂಜೇ ಎಂದು ನಮ್ಮ ತರುಣ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಅಳಿಯನ ಹೆಸರಿನ ಮಾತಿಗೆ ಬರೋಣ. ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯ ಪತ್ರವನ್ನು ನ್ಯಾಯಾಲಯವು ರದ್ದುಮಾಡಬಲ್ಲದು. ಮೂರು ತಿಂಗಳೊಳಗೆ ಒಬ್ಬ ಸಾಲಗಾರನಿಗೆ ಪಕ್ಷಪಾತದಿಂದ ಪೂರ್ತಿ ಸಲ್ಲಿಸಿ ಉಳಿದವರನ್ನು ಕೈಬಿಟ್ಟಿದ್ದರೆ ಅದೂ ನಿಲ್ಲದು. ಕಪಟದಿಂದ ಆಸ್ತಿಯನ್ನು ಬಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಹೊಲವೂ ಉಳಿಯದು, ಮಾನವೂ ಉಳಿಯದು, ಅಳಿಯನೂ ಕೋರ್ಟಿನ ಮೆಟ್ಟಿಲು ಹತ್ತುವನು.

ನಮಗೆ ಎಲ್ಲಕ್ಕಿಂತ ಭಾರವಾಗಿ ತೋರುವದು ಜಾಮೀನುದಾರನ ಪಾಡು. ಸಾಲಗಾರನು ಬಿಡುಗಡೆ ಹೊಂದಿದರೂ ಅವನಿಗೆ ಜಾಮೀನು ನಿಂತವನಾಗಲಿ, ಜೊತೆಗೆ ಸಹಿ ಹಾಕಿದವನಾಗಲಿ ಬಿಡುಗಡೆ ಹೊಂದುವದಿಲ್ಲ. ಹಳ್ಳಿಯಲ್ಲಿ ಜಾಮೀನು ನಿಲ್ಲುವವರು ಯಾರು? ಬೀಗರು, ಪಕ್ಕದ ಹೊಲದವರು, ಬಾಲ್ಯದ ಗೆಳೆಯರು. ಅರ್ಜಿಯ ವಿಷಯವನ್ನು ಅವರಿಗೆ ಮೊದಲೇ ತಿಳಿಸದೆ ಇರುವದು ನಮ್ಮ ಅಭಿಪ್ರಾಯದಲ್ಲಿ ಸಾಲ ಮಾಡಿದ್ದಕ್ಕಿಂತ ಹೆಚ್ಚಿನ ದೋಷ. ಸರಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ ಇವೂ ಬಿಡುಗಡೆಯಿಂದ ಅಳಿಯುವದಿಲ್ಲ. ಬಿಡುಗಡೆಯಾಗುವವರೆಗೆ ವಿಧಾನಸಭೆಗೆ, ಲೋಕಸಭೆಗೆ ನಿಲ್ಲುವಂತಿಲ್ಲ, ಸ್ಥಳೀಯ ಸಂಸ್ಥೆಗಳಲ್ಲಿ ಸದಸ್ಯನಾಗಿ ಕೂಡ್ರುವಂತಿಲ್ಲ.

ಹಾಗಾದರೆ ಈ ಕಾಯಿದೆಯು ವ್ಯರ್ಥವೇ? ಅಲ್ಲ. ಒತ್ತೆಯಿಲ್ಲದ ಸಾಲವು ಮಿತಿಮೀರಿ, ಹತ್ತು ಡಿಕ್ರಿಗಳು ಒಮ್ಮೆಲೆ ಬೆನ್ನು ಹತ್ತಿದವನಿಗೆ ಅದು ನಿಜವಾದ ಆಸರೆ. ಆಮೇಲೆ ನ್ಯಾಯಾಲಯದ ಅನುಮತಿಯಿಲ್ಲದೆ ಅಂಥ ಸಾಲಗಾರರು ಬಿಡಿಬಿಡಿಯಾಗಿ ದಾವೆ ಹೂಡಲಾರರು. ಬಂಧನದಿಂದ ರಕ್ಷಣೆಯನ್ನೂ ಬೇಡಬಹುದು. ಕೇವಲ ಕೈಲಾಗದ ಕಾರಣಕ್ಕೆ ಸಾಲಗಾರನನ್ನು ಸೆರೆಗೆ ಹಾಕಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿಯೇ ತೀರ್ಪಿತ್ತಿದೆ. ಮನೆ ಬಾಗಿಲಲ್ಲಿ ಕುಳಿತು ಬೆದರಿಸುವ ವಸೂಲಿಗಾರರಿಗೆ ರಾಜ್ಯದ 2025ರ ಕಿರುಸಾಲ ಕಾಯಿದೆಯು ಹತ್ತು ವರ್ಷದವರೆಗಿನ ಶಿಕ್ಷೆಯನ್ನು ವಿಧಿಸಿದೆ. ಇಷ್ಟಿದ್ದರೂ ಕೋರ್ಟಿಗೆ ಹೋಗುವ ನಾಚಿಕೆಗಿಂತ ಪ್ರಾಣ ಬಿಡುವದೇ ಲೇಸೆಂದು ಬಗೆದವರ ಸುದ್ದಿಯನ್ನು ಅಚ್ಚುಹಾಕುವ ದುರ್ದೈವವು ಪತ್ರಿಕೆಗಳಿಗೆ ಬರುತ್ತಲಿದೆ.

ಸರಕಾರದವರಿಗೂ ಒಂದು ಮಾತು. 2016ರಲ್ಲಿ ದಿವಾಳಿಯ ಹೊಸ ಸಂಹಿತೆಯನ್ನು ಮಾಡಿದರು. ಬಡ ಸಾಲಗಾರನಿಗೆ ಹೊಸ ಬಾಳನ್ನು ಕೊಡುವ ಕಲಮುಗಳನ್ನೂ ಅದರೊಳಗೆ ಬರೆದರು. ಆದರೆ ವರ್ಷದ ವರಮಾನ 60,000, ಸಾಲ 35,000 ರೂಪಾಯಿಗಳನ್ನು ಮೀರಬಾರದು, ಸ್ವಂತ ಮನೆಯಿರಬಾರದು ಎಂದು ಬಾಗಿಲನ್ನು ಸೂಜಿಯ ಕಣ್ಣಿನಷ್ಟು ಕಿರಿದುಮಾಡಿದರು. ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಕೋಟಿಗಳ ಸಾಲಕ್ಕೆ ಹೊಸ ಕಾನೂನು, ಒಕ್ಕಲಿಗನ ಸಾಲಕ್ಕೆ ಪರಕೀಯರ ಕಾಲದ ಎಂಟಾಣೆಯ ಲೆಕ್ಕ! ಸಾವಕಾರನ ಬಡ್ಡಿಗೆ ಉತ್ತರವಾಗಿ 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ ನೆಲ ಇದು. ಇಲ್ಲಿಯ ಪ್ರತಿನಿಧಿಗಳು ಈ ಪ್ರಶ್ನೆಯನ್ನು ದಿಲ್ಲಿಯಲ್ಲಿ ಎತ್ತಬೇಡವೇ?

ಬಂದ ಗೃಹಸ್ಥರಿಗೆ ನಾವು ಹೇಳಿದ್ದಿಷ್ಟು. ಪತ್ರವನ್ನು ಬರೆಯಬೇಡಿರಿ. ಸಾಲದ ಪೂರ್ಣ ಯಾದಿಯನ್ನು, ಹೆಂಡತಿಗೆ ತಿಳಿಯದ ಕೈಗಡವನ್ನೂ ಸೇರಿಸಿ, ಒಂದೇ ಹಾಳೆಯಲ್ಲಿ ಬರೆಯಿರಿ. ಬ್ಯಾಂಕಿನವರೊಡನೆ ಒಂದೇ ಗಂಟಿನ ತೀರುವಳಿಯ ಮಾತನ್ನು ಲೋಕ ಅದಾಲತ್ತಿನಲ್ಲಿ ಆಡಿ ನೋಡಿರಿ. ಆಗದಿದ್ದರೆ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ನೆರೆ ಬರಗಳಿಂದ ನೊಂದವರಿಗೆ ಅಲ್ಲಿ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕನ್ನು 1987ರ ಕಾಯಿದೆಯು ಕೊಟ್ಟಿದೆ. ಯಾದಿಯನ್ನು ಅವರು ನಮ್ಮ ಕಚೇರಿಯಲ್ಲಿಯೇ ಕುಳಿತು ಬರೆಯತೊಡಗಿದರು. ಹಾಳೆಯ ಎರಡೂ ಮಗ್ಗಲು ತುಂಬಿದವು.