ಹಳೆಯ ತಪ್ಪು ಮತ್ತು ಹೊಸ ಸುಳ್ಳು

ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆಗಳನ್ನು ಮುಗಿಸಿ ನೇಮಕಾತಿ ಆದೇಶಕ್ಕಾಗಿ ಕಾಯುತ್ತಿರುವ ಯುವಕನ ಕೈಗೆ ಕೊನೆಯಲ್ಲಿ ಒಂದು ನಮೂನೆ ಬರುತ್ತದೆ. ಎಂದಾದರೂ ಮೊಕದ್ದಮೆ ದಾಖಲಾಗಿತ್ತೇ, ಬಂಧನವಾಗಿತ್ತೇ ಎಂದು ಅದು ಕೇಳುತ್ತದೆ. ಕಾಲೇಜು ದಿನಗಳ ಹೊಡೆದಾಟದ ಪ್ರಕರಣವೊಂದು ನೆನಪಾಗುತ್ತದೆ. ರಾಜಿಯಾಗಿ ಮುಗಿದ ವಿಷಯವನ್ನು ಬರೆಯುವುದೇಕೆ ಎಂದು ಮನೆಯ ಹಿರಿಯರೇ ಹೇಳುತ್ತಾರೆ. ಆತ 'ಇಲ್ಲ' ಎಂದು ಬರೆದು ಸಹಿ ಹಾಕುತ್ತಾನೆ. ಪೊಲೀಸ್ ಪರಿಶೀಲನೆಯಲ್ಲಿ ಕಡತ ಹೊರಬಂದಾಗ, ಹಳೆಯ ತಪ್ಪಿಗಿಂತ ಈ ಹೊಸ ಸುಳ್ಳೇ ಆತನಿಗೆ ಮುಳುವಾಗುತ್ತದೆ.

ಈ ಕುರಿತು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮಾರ್ಗಸೂಚಿ ನೀಡಿದೆ. ಅಭ್ಯರ್ಥಿ ನೀಡುವ ಮಾಹಿತಿ ಸತ್ಯವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೆ ಇಲಾಖೆ ಅದನ್ನು ಮನ್ನಿಸಬಹುದು. ಪ್ರಕರಣ ಗಂಭೀರವಾಗಿದ್ದರೆ ನೇಮಕಾತಿಯನ್ನು ರದ್ದುಪಡಿಸಬಹುದು. ಸತ್ಯ ಹೇಳಿದ ಮಾತ್ರಕ್ಕೆ ಉದ್ಯೋಗ ಖಚಿತವೆಂದೂ ಅಲ್ಲ. ಅಭ್ಯರ್ಥಿಯ ಪೂರ್ವಾಪರವನ್ನು ಪರಿಗಣಿಸುವ ಅಧಿಕಾರ ಇಲಾಖೆಗಿದೆ. ಸಂಶಯದ ಲಾಭದಿಂದ ಖುಲಾಸೆಯಾದವರ ವಿಷಯದಲ್ಲೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಸತ್ಯ ಹೇಳಿ ಪ್ರಯೋಜನವೇನು? ದೆಹಲಿ ಪೊಲೀಸ್ ಇಲಾಖೆಯ ಹುದ್ದೆಗೆ 1999ರಲ್ಲಿ ಅರ್ಜಿ ಹಾಕಿದ ಯುವಕನೊಬ್ಬ ರಾಜಿಯಾದ ಪ್ರಕರಣವನ್ನು ಮುಚ್ಚಿಟ್ಟಿದ್ದ. ಪರೀಕ್ಷೆಗಳಲ್ಲಿ ತೇರ್ಗಡೆಯಾದ ಬಳಿಕ 2001ರಲ್ಲಿ ಆತನೇ ಅದನ್ನು ಬರೆದು ತಿಳಿಸಿದ. ಆದರೂ ಇಲಾಖೆ ಆತನನ್ನು ನಿರಾಕರಿಸಿತು. ಯೌವನದ ಸಣ್ಣ ತಪ್ಪಿಗಾಗಿ ಜೀವನವಿಡೀ ಅಪರಾಧಿಯ ಹಣೆಪಟ್ಟಿ ಹಚ್ಚುವುದು ಸಲ್ಲದೆಂದು ಸುಪ್ರೀಂ ಕೋರ್ಟು ಆತನ ಪರವಾಗಿ ತೀರ್ಪು ನೀಡಿದ್ದು 2011ರಲ್ಲಿ. ಅರ್ಜಿಯಿಂದ ತೀರ್ಪಿನವರೆಗೆ 12 ವರ್ಷ! ಇಷ್ಟು ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಕುಟುಂಬಗಳಿಗಿದೆ?

ಆದ್ದರಿಂದಲೇ ನಾವು ಎರಡು ಕಡೆಗೂ ಹೇಳಬೇಕಾಗಿದೆ. ಇಲಾಖೆಗಳು ಪ್ರಕರಣದ ಸ್ವರೂಪ, ಅಂದಿನ ವಯಸ್ಸು ಮತ್ತು ಆ ಬಳಿಕದ ನಡತೆಯನ್ನು ತೂಗಿ ನೋಡಬೇಕೇ ಹೊರತು ಕಡತದಲ್ಲಿ ಹೆಸರಿದೆಯೆಂಬ ಏಕೈಕ ಕಾರಣಕ್ಕೆ ಬಾಗಿಲು ಮುಚ್ಚಬಾರದು. ಸತ್ಯವಂತನಿಗೂ ಸುಳ್ಳುಗಾರನಿಗೂ ಒಂದೇ ಗತಿಯಾದರೆ ಸತ್ಯ ಹೇಳುವವರಾರು? 2015ರ ಬಾಲನ್ಯಾಯ ಕಾಯ್ದೆಯೂ ಬಾಲ್ಯದ ತಪ್ಪು ಮುಂದಿನ ಬದುಕಿಗೆ ಅನರ್ಹತೆಯಾಗಬಾರದೆಂದು ವಿಧಿಸಿದೆ; 16 ದಾಟಿ, ವಯಸ್ಕರಂತೆ ವಿಚಾರಣೆಗೊಳಗಾದವರಿಗೆ ಮಾತ್ರ ಈ ರಕ್ಷಣೆಯಿಲ್ಲ.

ಇನ್ನು ಹೆತ್ತವರಲ್ಲಿ ನಮ್ಮ ವಿನಂತಿ: ಪ್ರಕರಣ ಮುಗಿದೊಡನೆ ಎಫ್‌ಐಆರ್ ಹಾಗೂ ತೀರ್ಪಿನ ದೃಢೀಕೃತ ಪ್ರತಿಗಳನ್ನು ಪಡೆದು ಜೋಪಾನವಾಗಿಡಿ. ನಮೂನೆ ತುಂಬುವ ಮೊದಲು ವಕೀಲರನ್ನು ಕಾಣಿರಿ. ಮಗನಿಗೆ ಸುಳ್ಳು ಬರೆಯಲು ಕಲಿಸಬೇಡಿ. ಹಳೆಯ ತಪ್ಪಿಗೆ ವಯಸ್ಸಿನ ನೆಪವಾದರೂ ಇದೆ. ಇಂದು ತಿಳಿದೂ ಬರೆಯುವ ಸುಳ್ಳಿಗೆ ಯಾವ ನೆಪವಿದೆ?