ಅಡಿಕೆ ಧಾರಣೆಯೂ ಒಂದು ಪ್ರಾಜೆಕ್ಟು

ಬಿಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು ಈಗ ದುಡ್ಡು ಕೊಟ್ಟರೆ ಸಿಗುವ ವಸ್ತು. ಲೈಬ್ರರಿ ಮ್ಯಾನೇಜ್‌ಮೆಂಟ್, ಆಸ್ಪತ್ರೆ ಅಪಾಯಿಂಟ್‌ಮೆಂಟ್, ಆನ್‌ಲೈನ್ ಶಾಪಿಂಗ್ ಹೀಗೆ ಹತ್ತಾರು ಬಗೆ. ಕೋಡು, ವರದಿ, ಪಿಪಿಟಿ ಮೂರೂ ಸೇರಿ ಒಂದು ಕಟ್ಟು. ವೈವಾದಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು ಎಂಬುದನ್ನೂ ಅಂಗಡಿಯವರೇ ಹೇಳಿಕೊಡುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳಿಗೂ ಇದು ಗೊತ್ತು. ಇಂಟರ್ನಲ್ಸ್, ಪರೀಕ್ಷೆ, ಸಂಜೆಯ ಬಸ್ಸು ಇವುಗಳ ನಡುವೆ ಸಿಕ್ಕಿಬಿದ್ದ ಇಪ್ಪತ್ತೊಂದರ ಹುಡುಗಿ ಸುಲಭದ ದಾರಿ ಹಿಡಿದರೆ ಅವಳೊಬ್ಬಳನ್ನೇ ದೂರುವುದು ಸರಿಯಲ್ಲ. ಆದರೆ ಆ ಸುಲಭದ ದಾರಿ ಕೆಲಸದ ಬಾಗಿಲಿಗೆ ತಲುಪುವುದಿಲ್ಲ ಎಂಬುದನ್ನು ಅವಳಿಗೂ ಅವಳ ಮೇಷ್ಟ್ರಿಗೂ ಮನೆಯವರಿಗೂ ಯಾರಾದರೂ ಬಿಡಿಸಿ ಹೇಳಬೇಕು.

ಒಂದು ಕಾಲದಲ್ಲಿ ತಲುಪುತ್ತಿತ್ತು, ನಿಜ. 2021-22ರಲ್ಲಿ ಟಿಸಿಎಸ್ ಒಂದೇ ವರ್ಷದಲ್ಲಿ ಒಂದು ಲಕ್ಷ ಹೊಸಬರನ್ನು ಸೇರಿಸಿಕೊಂಡಿತು. ಇನ್ಫೋಸಿಸ್ 85 ಸಾವಿರ ಹೊಸಬರನ್ನು ತೆಗೆದುಕೊಂಡಿತು. ಆಗ ಹಿಂದಿನ ಬೀದಿಯ ಮನೆಯ ಹುಡುಗನಿಗೆ ಆಫರ್ ಲೆಟರ್ ಬಂದದ್ದನ್ನು ನೋಡಿಯೇ ನಮ್ಮಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳನ್ನು ಕಂಪ್ಯೂಟರ್ ಓದಿಗೆ ಸೇರಿಸಿದರು. ಆ ಮಕ್ಕಳು ಪದವಿಯ ಹೊಸ್ತಿಲಿಗೆ ಬರುವಷ್ಟರಲ್ಲಿ ಗಾಳಿ ತಿರುಗಿತ್ತು. 2023-24ರಲ್ಲಿ ಟಿಸಿಎಸ್ಸಿನ ಒಟ್ಟು ನೌಕರರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು, ಇನ್ಫೋಸಿಸ್‌ನದು ಸುಮಾರು 26 ಸಾವಿರ ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರದಷ್ಟು ಜನರನ್ನು ಕೈಬಿಡುವುದಾಗಿ ಪ್ರಕಟಿಸಿತು. ದೊಡ್ಡ ಕಂಪನಿಗಳು ಹೊಸಬರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳವಂತೂ ಹತ್ತು ವರ್ಷಗಳಿಂದ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ.

ಕೆಲಸ ಕಡಿಮೆಯಾಯಿತು ಎಂಬುದಕ್ಕಿಂತ ನನ್ನನ್ನು ಕಾಡುವುದು ಯಾವ ಬಾಗಿಲು ಕಿರಿದಾಯಿತು ಎಂಬುದು. ಮೊದಲು ಈ ಕಂಪನಿಗಳು ಹುಡುಗರಿಗೆ ಏನು ಬರುತ್ತದೆ ಎಂದು ಹೆಚ್ಚು ನೋಡುತ್ತಿರಲಿಲ್ಲ. ಲೆಕ್ಕ ಬರುತ್ತದೆಯೇ, ನಾಲ್ಕು ಮಾತು ಇಂಗ್ಲಿಷ್ ಆಡುತ್ತಾರೆಯೇ ಎಂದು ನೋಡಿ ಸಾವಿರಗಟ್ಟಲೆ ಜನರನ್ನು ಒಟ್ಟಿಗೆ ತೆಗೆದುಕೊಳ್ಳುತ್ತಿದ್ದವು. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಂಥ ಜಾಗದಲ್ಲಿ ತಿಂಗಳುಗಟ್ಟಲೆ ಕೂರಿಸಿ, ಉಣ್ಣಿಸಿ, ಕಲಿಸುತ್ತಿದ್ದವು. ಹೊಸನಗರದ ಕಾಲೇಜಿನಲ್ಲಿ ಲ್ಯಾಬು ಸರಿಯಿಲ್ಲದೆ ಆದ ಕೊರತೆ ಮೈಸೂರಿನಲ್ಲಿ ತುಂಬಿಕೊಳ್ಳುತ್ತಿತ್ತು. ಹಳ್ಳಿಯ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದು ಈ ಬಾಗಿಲು. ಈಗ ಕಿರಿದಾಗಿರುವುದೂ ಅದೇ. ಹೊಸಬರಿಗೆಂದು ಎತ್ತಿಡುತ್ತಿದ್ದ ಸಣ್ಣ ಪುಟ್ಟ ಕೋಡು, ಟೆಸ್ಟ್ ಬರೆಯುವುದು, ದಾಖಲೆ ಸಿದ್ಧಪಡಿಸುವುದು ಇವನ್ನೆಲ್ಲ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಎಐ ಸಲಕರಣೆಗಳೇ ಬಹುಪಾಲು ಮಾಡಿಕೊಡುತ್ತಿವೆ. ಸೇರಿದ ಮೊದಲ ತಿಂಗಳಿನಿಂದಲೇ ಕೈಗೆ ಬರುವಂಥವರು ಬೇಕು ಎಂದು ಕಂಪನಿಗಳು ಹೇಳುತ್ತಿವೆ. ವಿದೇಶಿ ಸಂಸ್ಥೆಗಳು ಬೆಂಗಳೂರಿನಲ್ಲಿ ಸ್ವಂತಕ್ಕೆ ತೆರೆದುಕೊಂಡಿರುವ ಜಿಸಿಸಿ ಕಚೇರಿಗಳಲ್ಲಿ ಒಳ್ಳೆಯ ಕೆಲಸವೂ ಸಂಬಳವೂ ಇದೆ. ಆದರೆ ಆ ಕಚೇರಿಗಳು ಕ್ಯಾಂಪಸ್ ಆಯ್ಕೆಗೆಂದು ಮಲೆನಾಡಿನ ಪದವಿ ಕಾಲೇಜುಗಳ ತನಕ ಬರುವುದಿಲ್ಲ.

ಹಾಗಾದರೆ ನಮ್ಮ ಮಕ್ಕಳ ಕೈಯಲ್ಲಿ ಏನಿದೆ? ಅವರಿಗೆ ಗೊತ್ತಿರುವ, ಬೆಂಗಳೂರಿನ ಮಕ್ಕಳಿಗೆ ಗೊತ್ತಿಲ್ಲದ ಒಂದು ಲೋಕವಿದೆ. ಪ್ರಾಜೆಕ್ಟು ಅಲ್ಲಿಂದ ಹುಟ್ಟಬೇಕು ಎಂಬುದು ನನ್ನ ವಾದ.

ಅಡಿಕೆಯನ್ನೇ ತೆಗೆದುಕೊಳ್ಳಿ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದಿನದ ಮಾರುಕಟ್ಟೆ ಧಾರಣೆ ಸಿಗುತ್ತದೆ. ಶಿವಮೊಗ್ಗದಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು. ಸಾಗರಕ್ಕೆ ಬಂದರೆ ಚಾಲಿ, ಸಿಪ್ಪೆಗೋಟು, ಬಿಳೆಗೋಟು, ಕೆಂಪುಗೋಟು, ಕೋಕ. ಕ್ವಿಂಟಾಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಹೆಚ್ಚು ಮಾಲು ಹೋದದ್ದು ಇಷ್ಟಕ್ಕೆ. ಒಬ್ಬ ವಿದ್ಯಾರ್ಥಿ ಈ ಅಂಕಿಗಳನ್ನು ಐದು ವರ್ಷದ ಮಟ್ಟಿಗೆ ಒಟ್ಟುಮಾಡಿ, ಡೇಟಾಬೇಸಿಗೆ ಹಾಕಿ, ಅಪ್ಪ ಮೊಬೈಲಿನಲ್ಲಿ ಕನ್ನಡದಲ್ಲೇ ನೋಡುವಂತೆ ಮಾಡಲು ಹೊರಟ ಎನ್ನಿ. ಮೊದಲ ವಾರದಲ್ಲೇ ನಿಜವಾದ ತೊಡಕುಗಳು ಎದುರಾಗುತ್ತವೆ. ಒಂದೇ ಬಗೆಯ ಅಡಿಕೆಯ ಹೆಸರನ್ನು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬರೆದಿರುತ್ತಾರೆ. ವ್ಯಾಪಾರ ನಡೆಯದ ದಿನ ಅಂಕಿಯೇ ಇರುವುದಿಲ್ಲ. ಆ ಜಾಗದಲ್ಲಿ ಸೊನ್ನೆ ಹಾಕಿದರೆ ಸರಾಸರಿ ನೆಲಕಚ್ಚುತ್ತದೆ, ಹಿಂದಿನ ದಿನದ ಧಾರಣೆ ಹಾಕಿದರೆ ನಡೆಯದ ವ್ಯಾಪಾರ ನಡೆದಂತಾಗುತ್ತದೆ, ಖಾಲಿ ಬಿಟ್ಟರೆ ಗ್ರಾಫ್ ಹರಿದುಹೋಗುತ್ತದೆ. ಯಾರೋ ಒಂದು ಸೊನ್ನೆ ಹೆಚ್ಚಿಗೆ ಒತ್ತಿರುತ್ತಾರೆ, ಆ ದಿನ ಸಿಪ್ಪೆಗೋಟು ಬಂಗಾರದ ಬೆಲೆಗೆ ಹೋಗಿರುತ್ತದೆ. ಅದನ್ನು ತಪ್ಪು ಎಂದು ಗುರುತಿಸುವವರು ಯಾರು? ಎಐಗೆ ಕೇಳಿದರೆ ಗ್ರಾಫ್ ಬರೆಯುವ ಕೋಡನ್ನು ಚಣದಲ್ಲಿ ಕೊಡುತ್ತದೆ. ಚಾಲಿಯ ಧಾರಣೆ ರಾಶಿಯ ಕಾಲಮಿನಲ್ಲಿ ಬಂದು ಕೂತಿದ್ದರೆ ಅದು ತಾನಾಗಿ ಎಚ್ಚರಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ಕೊನೆಕೊಯ್ಲು ನೋಡುತ್ತ, ಅಂಗಳದಲ್ಲಿ ಅಡಿಕೆ ಹರವುತ್ತ ಬೆಳೆದ ಹುಡುಗನಿಗೆ ಅದು ಥಟ್ಟನೆ ಕಾಣುತ್ತದೆ.

ಸಂದರ್ಶನದಲ್ಲಿ ಕೂತವರು ಕೇಳುವುದೂ ಇದನ್ನೇ. ಈ ಟೇಬಲನ್ನು ಹೀಗೆ ಯಾಕೆ ಮಾಡಿದೆ? ಅಂಕಿ ಇಲ್ಲದ ದಿನ ಏನು ಮಾಡಿದೆ? ತಪ್ಪು ಹೇಗೆ ಗೊತ್ತಾಯಿತು? ಕೊಂಡ ಪ್ರಾಜೆಕ್ಟು ಎರಡನೆಯ ಪ್ರಶ್ನೆಗೇ ಬಾಯಿ ಮುಚ್ಚುತ್ತದೆ. ಮಾಡಿದ ಪ್ರಾಜೆಕ್ಟು ಅರ್ಧ ಗಂಟೆ ಮಾತಾಡಿಸುತ್ತದೆ. ಎಸ್‌ಕ್ಯೂಎಲ್, ಪೈಥಾನ್ ಅಥವಾ ಜಾವಾ ಎರಡರಲ್ಲೊಂದು, ಕೋಡಿನ ಪ್ರತಿ ಬದಲಾವಣೆಯ ದಿನಾಂಕ ಉಳಿಯುವಂತೆ ಗಿಟ್ ಬಳಸುವುದು, ಟೆಸ್ಟ್ ಬರೆಯುವುದು, ಇವೆಲ್ಲ ಬೇರೆಬೇರೆ ಕೋರ್ಸುಗಳಾಗಿ ತಲೆಗೆ ಹತ್ತುವುದಕ್ಕಿಂತ ಇಂಥ ಒಂದು ಕೆಲಸದ ಸುತ್ತ ಬೇಗ ಹತ್ತುತ್ತವೆ.

ಅಡಿಕೆಯೊಂದೇ ಅಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ನಾಡಿಗೇ ಹೆಚ್ಚು ಮಳೆ ಕಾಣುವ ಜಾಗಗಳು. ಎಡೆಬಿಡದ ಮಳೆಗೂ ಕೊಳೆರೋಗಕ್ಕೂ ಇರುವ ನಂಟು ಪ್ರತಿ ತೋಟದವರಿಗೆ ಅನುಭವದಿಂದ ಗೊತ್ತು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ತೋಟಗಳನ್ನು ಹಿಂಡುತ್ತಿದೆ. ಯಾವ ಊರಿನ ಎಲೆಯಲ್ಲಿ ಯಾವ ತಿಂಗಳು ಚುಕ್ಕೆ ಕಂಡಿತು ಎಂದು ಫೋಟೊ ಸಮೇತ ದಾಖಲಿಸುವ ಸಣ್ಣ ಆ್ಯಪ್ ಮಾಡಿದರೂ ಅದು ಸಂಶೋಧಕರಿಗೆ ಬೇಕಾದ ಸಾಮಗ್ರಿ.

ಇನ್ನೊಂದು ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ಕಚೇರಿಗಳಲ್ಲಿ, ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯ ಕನ್ನಡ ಕಡತಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಉಳಿದಿವೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಗುರುತುಗಳು. ಹುಡುಕಲು ಆಗುವುದಿಲ್ಲ, ಬೇರೆ ತಂತ್ರಾಂಶಕ್ಕೆ ಕೊಡಲೂ ಆಗುವುದಿಲ್ಲ. ಯೂನಿಕೋಡಿಗೆ ತರುವಾಗ ಒತ್ತಕ್ಷರ ಸ್ಥಾನ ತಪ್ಪುತ್ತದೆ, ಅರ್ಕಾವೊತ್ತು ಎಲ್ಲೋ ಹೋಗುತ್ತದೆ. ಇದನ್ನು ಸರಿಮಾಡಲು ಕನ್ನಡವೂ ಬರಬೇಕು, ಕಂಪ್ಯೂಟರೂ ಬರಬೇಕು. ಕುಪ್ಪಳಿಯ ಮನೆಯಿಂದ ಬಂದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಹಟದಿಂದ ಓಡಾಡಿದರು ಎಂಬುದನ್ನು ತೀರ್ಥಹಳ್ಳಿಯ ವಿದ್ಯಾರ್ಥಿಗಳಿಗೆ ಯಾರಾದರೂ ತರಗತಿಯಲ್ಲಿ ಹೇಳಿದ್ದಾರೆಯೇ? ಈಗ ಕೇಂದ್ರ ಸರ್ಕಾರದ ಭಾಷಿಣಿ, ಮದ್ರಾಸ್ ಐಐಟಿಯ ಎಐ4ಭಾರತ್ ಭಾರತೀಯ ಭಾಷೆಗಳಿಗೆ ಧ್ವನಿ ಮತ್ತು ಅನುವಾದದ ತಂತ್ರಜ್ಞಾನ ಕಟ್ಟುತ್ತಿವೆ. ಕನ್ನಡ ಚೆನ್ನಾಗಿ ಬರುವ ಪ್ರೋಗ್ರಾಮರ್ ಇಂದು ಕೊರತೆಯ ಸರಕು. ಕನ್ನಡ ಮಾಧ್ಯಮದಲ್ಲಿ ಓದಿದವರು ತಲೆ ತಗ್ಗಿಸುವ ಕಾರಣವೇ ಇಲ್ಲ.

ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಬೇಕೇ ಬೇಕು. ಆದರೆ ಅದಕ್ಕೆ ಬೇಕಾದ್ದು ಮಾತಾಡುವ ಧೈರ್ಯ ಮತ್ತು ದಿನದ ಅಭ್ಯಾಸ. ಶಾಲೆಯ ವಾರ್ಷಿಕೋತ್ಸವದಲ್ಲಿ ಯಕ್ಷಗಾನದ ವೇಷ ಕಟ್ಟಿದವರು, ನೀನಾಸಂ ಸುತ್ತಲಿನ ಊರುಗಳಲ್ಲಿ ನಾಟಕ ಆಡಿ ಬೆಳೆದವರು ನಾಲ್ಕು ಜನರ ಎದುರು ನಿಲ್ಲಲು ಹೆದರುವುದಿಲ್ಲ. ತನ್ನ ಪ್ರಾಜೆಕ್ಟನ್ನು ಮೂರು ನಿಮಿಷ ಇಂಗ್ಲಿಷಿನಲ್ಲಿ ವಿವರಿಸುವುದನ್ನು ವಾರಕ್ಕೊಮ್ಮೆ ಗೆಳೆಯರ ಮುಂದೆ ಮಾಡಿದರೆ ಅರ್ಧ ಭಯ ಹೋಗುತ್ತದೆ.

ದುಡ್ಡಿನ ವಿಷಯ ನೇರವಾಗಿ ಹೇಳಬೇಕು. ಪದವಿ ಮುಗಿದ ಕೂಡಲೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಪಿಜಿ ಹಿಡಿದು, ಕೆಲಸ ಗ್ಯಾರಂಟಿ ಎನ್ನುವ ಕೋರ್ಸಿಗೆ ಅಡಿಕೆ ಮಾರಿದ ಹಣ ಕಟ್ಟುವುದು ನಮ್ಮಲ್ಲಿ ರೂಢಿಯಾಗಿದೆ. ಆ ಕೋರ್ಸುಗಳಲ್ಲಿ ಹೇಳುವ ಬಹುಪಾಲು ಪಾಠ ಎನ್‌ಪಿಟಿಇಎಲ್‌ನಲ್ಲಿ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡಿನಲ್ಲಿ ಪುಕ್ಕಟೆ ಸಿಗುತ್ತದೆ. ಸಿಗದಿರುವುದು ಜತೆಯಲ್ಲಿ ಕೂತು ತಿದ್ದುವವರು. ಹಣ ಕಟ್ಟುವುದಿದ್ದರೆ ಅಂಥ ಮೇಷ್ಟ್ರು ಅಲ್ಲಿದ್ದಾರೆಯೇ ಎಂದು ಮೊದಲು ನೋಡಿ. ಇನ್ನು ಮುಂಗಡ ಕಟ್ಟಿದರೆ ಕೆಲಸ ಕೊಡಿಸುತ್ತೇವೆ ಎನ್ನುವವರನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿ. ನ್ಯಾಯವಾದ ಕಂಪನಿ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಎರಡು ವರ್ಷದ ನಕಲಿ ಅನುಭವ ಪತ್ರ ಮಾಡಿಕೊಡುವವರಂತೂ ಮಕ್ಕಳ ಬದುಕನ್ನೇ ಹಾಳುಮಾಡುತ್ತಾರೆ. ಹಿನ್ನೆಲೆ ತಪಾಸಣೆಯಲ್ಲಿ ಸಿಕ್ಕಿಬಿದ್ದವರು ಸೇರಿದ ಕೆಲಸವನ್ನೂ ಕಳೆದುಕೊಳ್ಳುತ್ತಾರೆ, ಮುಂದಿನದನ್ನೂ. ಕೆಲಸ ಹುಡುಕುವಾಗ ಸರ್ಕಾರದ ನೆರವೂ ಇದೆ. ರಾಜ್ಯದ ಯುವನಿಧಿ ಯೋಜನೆಯ ಮೊದಲ ಕಂತು ಬಿಡುಗಡೆಯಾದದ್ದು 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಎರಡು ವರ್ಷದ ತನಕ. ದೊಡ್ಡ ಹಣವಲ್ಲ. ಇಂಟರ್ನೆಟ್ಟಿಗೆ, ಪರೀಕ್ಷೆ ಶುಲ್ಕಕ್ಕೆ, ಸಂದರ್ಶನದ ಬಸ್ಸಿಗೆ ಸಾಕು.

ನೆಟ್‌ವರ್ಕಿನ ಮಾತು ಬಿಟ್ಟು ಇದನ್ನು ಬರೆದರೆ ಅನ್ಯಾಯವಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದ ಎಂಜಿನಿಯರುಗಳು, ಆನ್‌ಲೈನ್ ಪಾಠದ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಲಿಂಗನಮಕ್ಕಿ ಹಿನ್ನೀರಿನ ಆಚೆಯ, ತುಮರಿ ಕಡೆಯ ಕರೂರು, ಬಾರಂಗಿ ಹೋಬಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಮತ ಇಲ್ಲ ಎಂಬ ಚಳವಳಿಯೇ ಎದ್ದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಸಾಗರ, ಹೊಸನಗರದ ಮನೆ ಮಠ ಮುಳುಗಿದವು. ಆ ನೀರಿನ ವಿದ್ಯುತ್ತು ನಾಡನ್ನು ಬೆಳಗಿಸಿತು. ಹಿನ್ನೀರಿನ ಆಚೆ ಉಳಿದವರಿಗೆ ಲಾಂಚಿನ ಬದಲು ಸೇತುವೆ ಸಿಕ್ಕಿದ್ದು 2025ರ ಜುಲೈ 14ಕ್ಕೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ಕಾದಷ್ಟು ಕಾಲ ಫೈಬರ್ ಕೇಬಲ್ಲಿಗೂ ಕಾಯಲು ಈ ಮಕ್ಕಳಿಗೆ ಆಗದು. ಮನೆಯಿಂದ ದೂರ ಕಳಿಸಲು ಹಿಂಜರಿಯುವ ಮನೆಗಳ ಹೆಣ್ಣುಮಕ್ಕಳಿಗಂತೂ ಊರಲ್ಲೇ ಕೂತು ಮಾಡುವ ಕೆಲಸಕ್ಕೆ ಒಳ್ಳೆಯ ಸಂಪರ್ಕವೇ ಮೊದಲ ಬಂಡವಾಳ. ಶಾಸಕರನ್ನು, ಸಂಸದರನ್ನು ಕೇಳಬೇಕಾದ್ದು ಇದನ್ನು.

ಊರಿನ ಸಂಸ್ಥೆಗಳನ್ನೂ ಕೇಳಬೇಕು. ಅಡಿಕೆ ಬೆಳೆಗಾರರ ಸಹಕಾರ ಸಂಘಗಳಾದ, 1939ರಿಂದ ಇರುವ ಮ್ಯಾಮ್‌ಕೋಸ್ ಮತ್ತು ಸಾಗರದ ಆಪ್ಸ್‌ಕೋಸ್, ನೂರಾರು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಈ ನಾಡಿನ ಹೆಮ್ಮೆ. ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಮೇಲೆ ಸೊಸೈಟಿಗಳ ಲೆಕ್ಕ ಒಂದೊಂದಾಗಿ ಹೊಸ ತಂತ್ರಾಂಶಕ್ಕೆ ಹೋಗುತ್ತಿದೆ. ಆ ಸಮಯದಲ್ಲಿ ಕಾರ್ಯದರ್ಶಿಗಳು ಪಡುವ ಪಾಡು ಗೊತ್ತಿದ್ದವರಿಗೆ ಗೊತ್ತು. ಪ್ರತಿ ಸಂಘವೂ ವರ್ಷಕ್ಕೆ ಇಬ್ಬರು ಬಿಸಿಎ ಮಕ್ಕಳನ್ನು ಆರು ವಾರ ಕೂರಿಸಿಕೊಳ್ಳಲಿ. ಸದಸ್ಯರ ಸಾಲದ ವಿವರ ಅವರ ಕೈಗೆ ಕೊಡಬೇಕಿಲ್ಲ, ಹೆಸರು ತೆಗೆದ ಮಾದರಿ ಅಂಕಿಗಳು ಸಾಕು. ಮಧ್ಯಾಹ್ನದ ಊಟ, ಬಸ್ ಖರ್ಚು, ಮಾಡಿದ ಕೆಲಸದ ಬಗ್ಗೆ ನಿಜವಾದ ಒಂದು ಪತ್ರ ಕೊಟ್ಟರೆ ಸಂಘಕ್ಕೆ ಆಗುವ ಹೊರೆ ಅತ್ಯಲ್ಪ. ಕಾಲೇಜುಗಳು ವೈವಾ ದಿನ ದಪ್ಪ ವರದಿಯ ಬದಲು ಗಿಟ್‌ನಲ್ಲಿ ದಿನಾಂಕವಾರು ಉಳಿದ ಕೆಲಸವನ್ನು ತೆರೆಸಿ ನೋಡಲಿ. ಒಂದೇ ರಾತ್ರಿ ಬಂದು ಕೂತ ಕೋಡು ಯಾರದೆಂದು ಅಲ್ಲೇ ತಿಳಿಯುತ್ತದೆ.

ದೀಪಾವಳಿಗೆ, ಮೂರು ವರ್ಷಕ್ಕೊಮ್ಮೆಯ ಸಾಗರದ ಮಾರಿಕಾಂಬಾ ಜಾತ್ರೆಗೆ ಊರಿಗೆ ಬರುವ ನೂರಾರು ಸಾಫ್ಟ್‌ವೇರ್ ಮಂದಿ ತಾವು ಓದಿದ ಕಾಲೇಜಿನಲ್ಲಿ ಅರ್ಧ ದಿನ ಕೂರಬಹುದು. ಭಾಷಣ ಬೇಡ. ಹತ್ತು ಮಕ್ಕಳ ರೆಸ್ಯೂಮೆ ತಿದ್ದಿ, ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಅಣಕು ಸಂದರ್ಶನ ಮಾಡಿ, ಎಲ್ಲಿ ತಡವರಿಸಿದರು ಎಂದು ಹೇಳಿ ಹೋದರೆ ಸಾಕು. ಕಾಲೇಜಿನವರು ಮೊದಲು ಫೋನ್ ಮಾಡಿ ಕರೆಯಬೇಕಷ್ಟೆ. ಆರನೇ ಸೆಮಿಸ್ಟರಿನ ಪ್ರಾಜೆಕ್ಟು ಹಂಚುವ ಮುನ್ನವೇ ವಿಭಾಗದ ಮುಖ್ಯಸ್ಥರು ಹತ್ತಿರದ ಸೊಸೈಟಿಗೆ, ಎಪಿಎಂಸಿಗೆ, ಪಂಚಾಯಿತಿಗೆ ಒಂದೊಂದು ಪತ್ರ ಬರೆದು ನಿಮ್ಮಲ್ಲಿ ಬಗೆಹರಿಯದ ಲೆಕ್ಕದ ತಾಪತ್ರಯ ಏನಿದೆ ಎಂದು ಕೇಳಲಿ. ಈ ವರ್ಷದ ಪ್ರಾಜೆಕ್ಟುಗಳ ಪಟ್ಟಿ ಆ ಉತ್ತರಗಳಿಂದಲೇ ತಯಾರಾಗಲಿ.